ಪಿಡಿಎಫ್‌ಗೆ ಸೇರಿದ ಶಾಂತವ್ವನ ಕೈ

ಗೆಳೆಯರೇ, ಇವತ್ತು ನನ್ನ ಪಿಡಿಎಫ್ ಪರೀಕ್ಷೆಯಲ್ಲಿ ಫೇಲಾಯಿತು. ಪೀಣ್ಯದ ನಮ್ಮ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ತಗಡು ಇಡುವ ಸರಿಯಾದ ಕ್ರಮವನ್ನು ಒಂದು ಪುಟದಲ್ಲಿ ಬರೆದು, ಇಂಟರ್‌ನೆಟ್‌ನಿಂದ ಒಂದು ಕೈಯ ಚಿತ್ರವನ್ನೂ ಅದಕ್ಕೆ ಸೇರಿಸಿದ್ದೆ. ಬೆಳಿಗ್ಗೆ ಅದನ್ನು ಗೋಡೆಗೆ ಅಂಟಿಸುತ್ತಿದ್ದಾಗ, ಒಂಬತ್ತು ವರ್ಷದಿಂದ ಆ ಯಂತ್ರ ನಡೆಸುತ್ತಿರುವ ಗದಗದ ಶಾಂತವ್ವ ಬಂದು ನೋಡಿದರು.

"ಸರ್, ಇದು ಯಾರ ಕೈ ರೀ?"

"ಯಾರದೋ ಕಣಮ್ಮಾ, ಇಂಟರ್‌ನೆಟ್‌ದು."

"ಇಲ್ಲಿ ಬೆರಳು ಇಟ್ರ ಸಂಜಿಗೆ ಎಣಸಾಕ ಒಂದೂ ಉಳಿಯಂಗಿಲ್ಲ."

"ಚಿತ್ರ ಸುಮ್ನೆ ಅಂದಕ್ಕೆ. ಕೆಳಗೆ ಸರಿಯಾಗಿ ಬರ್ದಿದೀನಲ್ಲ?"

"ಹೊಸದಾಗಿ ಬಂದ ಒಡಿಶಾದವ್ರಿಗೆ ಕನ್ನಡ ಓದಾಕ ಎಲ್ಲಿ ಬರ್ತದ ರೀ? ಅವ್ರು ಚಿತ್ರನ ನೋಡ್ತಾರ."

ಅಂಟಿಸಿದ್ದನ್ನು ಅಲ್ಲೇ ಕಿತ್ತೆ. ಯಂತ್ರ ನಿಲ್ಲಿಸಿ, ಅವರ ಬಲಗೈಯನ್ನೇ ಫೋಟೊ ತೆಗೆಯಲು ಮೊಬೈಲ್ ಹಿಡಿದೆ. "ತಡೀರಿ" ಎಂದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು. ತಗಡಿನ ಅಂಚನ್ನು ಎಲ್ಲಿ ಹಿಡಿಯಬೇಕೆಂದು ತೋರಿಸಿದರು. ಐದು ಫೋಟೊಗಳಲ್ಲಿ ಒಂದನ್ನು ಅವರೇ ಆರಿಸಿದರು.

ಅದನ್ನು ಪಿಡಿಎಫ್‌ನಲ್ಲಿ ಕೂರಿಸುವಷ್ಟರಲ್ಲಿ ನನ್ನ ಬೆವರಿಳಿಯಿತು. ಒಮ್ಮೆ ಅದು ಅಕ್ಷರಗಳ ಮೇಲೆ ಕುಳಿತಿತು, ಇನ್ನೊಮ್ಮೆ ತಲೆಕೆಳಗಾಯಿತು. ಊಟದ ಹೊತ್ತಿಗೆ ಹೊಸ ಹಾಳೆ ಗೋಡೆಗೇರಿತು. ಒಡಿಶಾದ ಇಬ್ಬರು ಬಂದು ನೋಡಿ, ಗಾಳಿಯಲ್ಲೇ ಹಾಗೆ ಹಿಡಿದು ತೋರಿಸಿದರು. ನನಗೂ ಸಮಾಧಾನವಾಯಿತು.

ಶಾಂತವ್ವ ಸೊಂಟಕ್ಕೆ ಕೈಯಿಟ್ಟು ನೋಡಿ, "ಈಗ ಬರಾಬರಿ ಐತಿ. ಎಡಗೈದು ಯಾವಾಗ ತಗೀತೀರಿ?" ಎಂದರು.

ನಾಳೆ ಹತ್ತು ಗಂಟೆಗೆ ಎಡಗೈ ಡೇಟ್ಸ್ ಕೊಟ್ಟಿದೆ.