ತಳ ಉಜ್ಜಿದ ಅಕ್ಷರಗಳು

ಆ ಅಕ್ಷರಗಳು ನನ್ನವಲ್ಲ. ನಾಟಕದ ಪೋಸ್ಟರುಗಳಲ್ಲಿ, ಜವಳಿ ಅಂಗಡಿಯ ಜಾಹೀರಾತುಗಳಲ್ಲಿ ಹನ್ನೆರಡು ವರ್ಷದಿಂದ ನನ್ನ ಹೆಸರು ಹೊತ್ತು ಓಡಾಡುತ್ತಿರುವ, ಮೈ ಸವೆದಂತೆ ಕಾಣುವ ಆ ದಪ್ಪ ಅಕ್ಷರಗಳು — ಅವನ್ನು ಕೆತ್ತಿದವನು ಯಲ್ಲಪ್ಪ. ಕದ್ದವನು ನಾನು.

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಸಣ್ಣ ಅಚ್ಚುಕೂಟ. ಯಲ್ಲಪ್ಪ ಊರಿಗಾಂ ಲೈನಿನವನು, ಚಿನ್ನದ ಗಣಿಯೊಳಗೆ ಸುರಂಗ ಕುಸಿಯದಂತೆ ಮರದ ಕಂಬ ನಿಲ್ಲಿಸುವ ಕೆಲಸ. ಪೋಸ್ಟರಿಗೆ ಬೇಕಾದ ದೊಡ್ಡ ಅಚ್ಚುಮೊಳೆಗಳಿಲ್ಲದೆ ನಾನು ಪರದಾಡುವುದನ್ನು ಕಂಡು, ಓದು ಬಾರದಿದ್ದರೂ ಬಾಲಬೋಧೆ ನೋಡಿಕೊಂಡು, ರಜೆಯ ದಿನಗಳಲ್ಲಿ ಇಡೀ ವರ್ಣಮಾಲೆಯನ್ನೇ ಮರದಲ್ಲಿ ಕೆತ್ತಿಕೊಟ್ಟ. ತಾನು ನಿಲ್ಲಿಸಿದ ಪ್ರತಿ ಕಂಬಕ್ಕೂ ಎರಡು ಕಚ್ಚು ಹಾಕುವುದು ಅವನ ರೂಢಿ — ಕಂಬ ಜಗ್ಗಿದರೆ ಯಾರನ್ನು ಕೇಳಬೇಕೆಂದು ಗೊತ್ತಾಗಲಿ ಅಂತ. ಅದೇ ಎರಡು ಕಚ್ಚುಗಳನ್ನು ಪ್ರತಿ ಅಕ್ಷರದ ತಳದಲ್ಲೂ ಹಾಕಿದ್ದ.

ನಮ್ಮ ಪೋಸ್ಟರು ಕಂಡ ಬೆಂಗಳೂರಿನ ಮುದ್ರಕರೊಬ್ಬರು, ಕೆತ್ತಿದವನಿಗೆ ಕೆಲಸ ಕೊಡುತ್ತೇನೆ, ಬಂದು ನೋಡುತ್ತೇನೆ ಎಂದು ಬರೆದರು. ಯಲ್ಲಪ್ಪನಿಗೆ ಹೇಳಿದೆ.

"ಮ್ಯಾಲೇನೇ, ಬಿಸ್ಲಲ್ಲಿ ಕುಂತ್ಕಂಡು ಮಾಡೋ ಕೆಲ್ಸಾನಾ ಅಣ್ಣಾ?" ಎಂದು ಎರಡು ಸಲ ಕೇಳಿದ.

ಆ ಮುಖ ನೋಡಿ ನಾನು ಸಂತೋಷಪಡಬೇಕಿತ್ತು. ಹೊಟ್ಟೆ ಉರಿಯಿತು. ಓದಿದವನು ನಾನು, ಅಚ್ಚುಕೂಟ ನನ್ನದು — ಹೆಸರು ಮಾತ್ರ ಅವನಿಗೆ?

ಅವರು ಬರುವ ದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಅರ ಹಿಡಿದು ಎಲ್ಲ ಅಕ್ಷರಗಳ ತಳ ಉಜ್ಜಿ ಕಚ್ಚು ಅಳಿಸಿದೆ. ಎತ್ತರ ತಗ್ಗಿದ ಮೊಳೆಗೆ ಮಸಿ ಸರಿಯಾಗಿ ತಾಗದು — ಅಚ್ಚಿನ ಕೆಲಸದಲ್ಲೇ ಬೆಳೆದ ನನಗೆ ಅದೂ ಹೊಳೆಯಲಿಲ್ಲ. ಮೊಳೆಗಳ ಕೆಳಗೆ ಕಾಗದ ಇಟ್ಟು ಎತ್ತರಿಸಿ ಒತ್ತಿದರೂ ಅಲ್ಲಲ್ಲಿ ಬಿಳಿ ಉಳಿಯಿತು. ಬಂದವರು ಮೆಚ್ಚಿದ್ದು ಅದನ್ನೇ. "ಹಳೇ ಗೋಡೆಬರಹದ ಹಾಗಿದೆ. ಯಾರ ಕೈ ಇದು?"

"ನನ್ನದೇ," ಅಂದೆ. ಅವರು ಅಕ್ಷರಗಳ ನಕಲು ತೆಗೆಸಿ ನನ್ನ ಹೆಸರಿನಲ್ಲೇ ಎಲ್ಲೆಡೆ ಬಳಕೆಗೆ ತಂದರು.

ಜನ ಇಂದಿಗೂ ಹೊಗಳುವ ಆ ಸವಕಲು ಚೆಂದ ನನ್ನ ಅರದ್ದು, ನನ್ನ ಕಳ್ಳತನದ್ದು.

ಸಂಜೆ ಯಲ್ಲಪ್ಪ ಬಂದ. "ಏನಂದ್ರಣ್ಣಾ?"

"ಅವ್ರಿಗೆ ಇಷ್ಟ ಆಗ್ಲಿಲ್ಲ ಕಣ್ಲಾ."

"ಓಗ್ಲಿ ಬುಡಣ್ಣಾ," ಎಂದ. ಮತ್ತೆ ಗಣಿಗಿಳಿದ. ಆಮೇಲೆ ಒಂದು ಅಕ್ಷರವನ್ನೂ ಕೆತ್ತಲಿಲ್ಲ.

ಕಳೆದ ತಿಂಗಳು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ, ಜೊತೆಗೆ ಶಾಲೆಗೆ ಹೋಗುವ ಮಗಳು. ಗೋಡೆಯ ಮೇಲಿದ್ದ ಪೋಸ್ಟರನ್ನು ಅವಳಿಗೆ ತೋರಿಸಿದ. "ಈ ಅಣ್ಣ ಮಾಡಿರೋ ಅಕ್ಷರ ಕಣಮ್ಮಾ. ನಾನೂ ಒಂದ್ಸಲ ಕೆತ್ತಿದ್ದೆ. ನಂದು ಸರಿಯಾಗಿ ಬರ್ನಿಲ್ಲ."

ಸವೆದಂತೆ ಕಾಣುವ ಆ ಅಕ್ಷರಗಳಲ್ಲಿ ತನ್ನ ಕೆತ್ತನೆಯನ್ನೇ ಅವನು ಗುರುತಿಸಲಿಲ್ಲ. ನನಗೆ ನಾಚಿಕೆಯಾಯಿತು, ಇಷ್ಟು ವರ್ಷಕ್ಕೆ ಮೊದಲ ಸಲ ನಿಜವಾಗಿ ನಾಚಿಕೆಯಾಯಿತು.

ಅಂದೇ ಬೆಂಗಳೂರಿನ ಆ ಮುದ್ರಕರಿಗೆ ಎಲ್ಲವನ್ನೂ ಬರೆದೆ. ನಿನ್ನೆ ಉತ್ತರ ಬಂತು. ನನ್ನ ಕಳ್ಳತನದ ಬಗ್ಗೆ ಒಂದು ಸಾಲು ಇದೆ, ಅದು ನನಗೆ ತಕ್ಕದ್ದೇ. ಉಳಿದದ್ದು ಯಲ್ಲಪ್ಪನಿಗೆ — ಅಕ್ಷರಗಳನ್ನು ಅವರೇ ಹೊಸದಾಗಿ ಕೆತ್ತಲಿ, ಕೆಲಸ ಈಗಲೂ ಇದೆ, ಹೆಸರು ಅವರದೇ ಇರುತ್ತದೆ.

ನಾಳೆ ಭಾನುವಾರ, ಅವನು ಮನೆಯಲ್ಲಿರುತ್ತಾನೆ. ಕಾಗದವನ್ನು ಅವನ ಮಗಳ ಕೈಗೆ ಕೊಡುತ್ತೇನೆ. ನಾನೇ ಓದಿದರೆ ಆ ಒಂದು ಸಾಲನ್ನು ನುಂಗಿಬಿಟ್ಟೇನು — ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅವಳು ಓದಲಿ, ಅವನು ಕೇಳಲಿ. ಪೂರ್ತಿ ಓದಿ ಮುಗಿಸುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ.