ಯಾರೂ ಹಿಂದೆ ಉಳಿಯಬೇಡಿ

ಭಾನುವಾರ ಮಧ್ಯಾಹ್ನ ಗುಡಾರ ಬಿಚ್ಚಿ, ಚಾಪೆ ಕೊಡವಿ, ಮಸಿ ಹಿಡಿದ ಪಾತ್ರೆಗಳನ್ನು ಕಾರಿಗೆ ತುಂಬಿಕೊಂಡು ಹೊರಟವರನ್ನು ಲುಮಿಂಗ್ ಸುಮ್ಮನೆ ಬಿಡುತ್ತಿರಲಿಲ್ಲ. ಬಿದಿರಿನ ಗೇಟಿಗೆ ಅಡ್ಡ ನಿಂತು, ಸೊಂಟದ ಮೇಲೆ ಕೈಯಿಟ್ಟು, “ಮಕ್ಕಳ ಹೆಸರು ಕೂಗಿದ್ರಾ?” ಎಂದು ಕೇಳುವಳು. ಕೂಗಿಲ್ಲ ಎಂದರೆ ಗೇಟು ತೆರೆಯದು, ನೀವು ಮನಿಲಾದ ದೊಡ್ಡ ವಕೀಲರೇ ಆಗಿರಿ.

ಕೂಗುವುದು ಅಂದರೆ ಇಷ್ಟೇ. ಹೊಳೆಯ ಕಡೆ ತಿರುಗಿ, ಮಗುವಿನ ಹೆಸರು ಹಿಡಿದು, “ಬಾ, ಮನೆಗೆ ಹೋಗೋಣ, ಹಿಂದೆ ಉಳೀಬೇಡ” ಅನ್ನಬೇಕು. ಮಗು ನಿಮ್ಮ ಕಂಕುಳಲ್ಲೇ ಇರಲಿ, ಆದರೂ ಕೂಗಬೇಕು. ಮೈ ಕಾರಿನಲ್ಲಿ ಕೂತಿರುತ್ತದೆ, ಜೀವ ಮೀನು ನೋಡುತ್ತ ಬಂಡೆಯ ಮೇಲೇ ಉಳಿದುಬಿಟ್ಟಿರುತ್ತದೆ. ಮಕ್ಕಳ ಜೀವ ಅಂಥದ್ದು, ಆಟ ಕಂಡಲ್ಲಿ ಅಂಟಿಕೊಳ್ಳುತ್ತದೆ. ನಮ್ಮ ಬೆಟ್ಟದ ಕಡೆ ಇದು ಯಾರಿಗೆ ಗೊತ್ತಿಲ್ಲ? ಪಟ್ಟಣದವರಿಗೂ ಅಜ್ಜಿಯಂದಿರು ಹೇಳಿಕೊಟ್ಟೇ ಇರುತ್ತಾರೆ, ಆದರೆ ಲಿಫ್ಟು ಹತ್ತಿ ಇಳಿದು ಮರೆತಿರುತ್ತಾರೆ. ಲುಮಿಂಗ್ ನೆನಪಿಸುವಳು.

“ನಾನಾಯ್, ನನ್ನ ಹೆಸರೂ ಕೂಗ್ಬಿಡಿ. ನಾಳೆ ಆಫೀಸಿದೆ, ನನ್ನ ಜೀವ ಇಲ್ಲೇ ಉಳಿಯೋ ಹಂಗೆ ಕಾಣ್ತಿದೆ,” ಎಂದು ಯಾವನೋ ತಂದೆ ತಮಾಷೆ ಮಾಡುವನು. ನಾನಾಯ್ ಅಂದರೆ ಅಮ್ಮ. ಬಂದವರೆಲ್ಲ ಅವಳನ್ನು ಹಾಗೆಯೇ ಕರೆಯುವುದು.

“ನಿನ್ನ ಜೀವ ಹೊಳೆಗೆ ಬೇಡ ಕಣಪ್ಪಾ, ಬಿಯರ್ ವಾಸನೆ ಹೊಡೀತದೆ. ನಡಿ ನಡಿ,” ಎನ್ನುವಳು ಲುಮಿಂಗ್. ಎಲ್ಲರೂ ನಗುವರು. ಅವಳೂ ನಗುವಳು. ಆದರೆ ಕೊನೆಯ ಮಗುವಿನ ಹೆಸರು ಕೂಗುವ ತನಕ ಅವಳ ಕೈ ಅಗುಳಿಯ ಮೇಲಿಂದ ಏಳುತ್ತಿರಲಿಲ್ಲ.

ಸಿಯೆರಾ ಮಾದ್ರೆ ಬೆಟ್ಟಗಳ ಬುಡದಲ್ಲಿ, ದಾಲಿಗ್ ಹೊಳೆಯ ತಿರುವಿನಲ್ಲಿದೆ ಅವಳ ಜಾಗ. ಶನಿವಾರ ಬೆಳಗಾದರೆ ಸಾಕು, ಸಂಸಾರಗಳು ಬಂದಿಳಿಯುತ್ತವೆ. ಗುಡಾರಕ್ಕೆ ಸಮತಟ್ಟು ನೆಲ, ತಿಕ್ಕಿ ತೊಳೆದ ಕಕ್ಕಸು, ಒಂದು ಟಯರಿನ ಉಯ್ಯಾಲೆ, ಮೀನು ಸುಡಲು ಒಲೆ. ಹೊಳೆ ದಾಟಿದರೆ ಗಿಡುಗನ ಬಂಡೆಗೆ ಹೋಗುವ ಕಾಲುದಾರಿ. ಅದನ್ನು ಕಡಿದವನು ಅವಳ ಗಂಡ ಆಂಬೊ. ನಾಲ್ಕು ವರ್ಷದ ಮಗುವೂ ಹತ್ತಿ ಇಳಿಯಬೇಕು ಎಂದು ಮೆಟ್ಟಿಲು ಕೊರೆದು, ಜಾರುವಲ್ಲೆಲ್ಲ ಹಗ್ಗ ಬಿಗಿದಿದ್ದಾನೆ. ಮಾತು ಕಡಿಮೆಯ ಮನುಷ್ಯ. ಹೆಂಡತಿ ಇಬ್ಬರ ಪಾಲಿನದನ್ನೂ ಆಡುತ್ತಾಳಲ್ಲ, ಇನ್ನೇನು ಬೇಕು.

ಹೊಟ್ಟೆಪಾಡಿಗೆ ಜಾಗ ತೆರೆದಳು ಎಂದುಕೊಂಡಿದ್ದೆವು ನಾವು. ಅಲ್ಲ. ಆ ಗುಟ್ಟು ಆಂಬೊ ಒಬ್ಬನಿಗೇ ಗೊತ್ತಿತ್ತು.

ಅವರಿಗೊಬ್ಬಳು ಮಗಳಿದ್ದಳು, ಮರಿವಿಕ್. ಎರಡನೇ ಕ್ಲಾಸು. ಮುಂದಿನ ಎರಡು ಹಲ್ಲು ಬಿದ್ದಿದ್ದವು, ನೀರು ಕಂಡರೆ ಮೀನಿನ ಜಾತಿ. ಒಂದು ದಿನ ಲುಮಿಂಗ್ ಹೊಳೆಯ ಚಪ್ಪಟೆ ಬಂಡೆಯ ಮೇಲೆ ಬಟ್ಟೆ ಒಗೆದು, ಹಿಂಡಿ, ಬುಟ್ಟಿಗೆ ತುಂಬಿ, “ಬಾರೇ” ಎಂದಳು. ಬರಲಿಲ್ಲ. ಮತ್ತೆ ಕರೆದಳು. ನೀರಿನಿಂದ ತಲೆ ಎತ್ತಿ ಹಲ್ಲಿಲ್ಲದ ಬಾಯಲ್ಲಿ ನಕ್ಕು ಮತ್ತೆ ಮುಳುಗಿತು ಆ ಪೋರಿ. ಒಲೆಯ ಮೇಲೆ ಅನ್ನ, ತಲೆಯ ಮೇಲೆ ಒದ್ದೆ ಬಟ್ಟೆಯ ಭಾರ, ಲುಮಿಂಗ್‌ಗೆ ರೇಗಿಹೋಯಿತು. “ಬರಲ್ವಾ? ಹಂಗಾದ್ರೆ ಅಲ್ಲೇ ಬಿದ್ದಿರು. ಮನೆಗೆ ಬರಲೇಬೇಡ!” ಎಂದು ತಿರುಗಿ ನೋಡದೆ ನಡೆದುಬಿಟ್ಟಳು.

ಯಾವ ತಾಯಿ ಅನ್ನುವುದಿಲ್ಲ ಈ ಮಾತನ್ನು? ನಮ್ಮಮ್ಮನೂ ಅಂದಿದ್ದಾಳೆ, ನಿಮ್ಮಮ್ಮನೂ ಅಂದಿರುತ್ತಾಳೆ. ಆದರೆ ಅಂದು ಬೆಟ್ಟದ ಮೇಲೆ ಮಳೆ ಹೊಯ್ದಿತ್ತು. ಇಲ್ಲಿ ಬಿಸಿಲಿದ್ದಂತೆಯೇ ಕೆಂಪು ನೀರು ಗೋಡೆಯಾಗಿ ಇಳಿದು ಬಂತು. ಮಗು ಸಿಕ್ಕಿದ್ದು ಕೆಳಗಿನ ಊರಿನ ಬಿದಿರುಮೆಳೆಯಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಣ್ಣಾಯಿತು, ಒಂಬತ್ತು ದಿನದ ಪ್ರಾರ್ಥನೆಯೂ ಆಯಿತು. ನಲವತ್ತನೆಯ ದಿನದ ಊಟ ಮಾತ್ರ ಆಗಲಿಲ್ಲ. ಅಂದು ಸತ್ತವರನ್ನು ಹೆಸರು ಹಿಡಿದು ಮನೆಗೆ ಕರೆದು, ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತೇವೆ. ಉಂಡು ಅವರು ತಮ್ಮ ದಾರಿ ಹಿಡಿಯುತ್ತಾರೆ, ಮತ್ತೆ ಬರುವುದಿಲ್ಲ. ನೆಂಟರೆಲ್ಲ ಬಂದು ಕೂತಿದ್ದರು. ಲುಮಿಂಗ್ ಒಲೆಗೆ ನೀರು ಸುರಿದಳು. “ನಾನು ಕರೆಯೋದೂ ಇಲ್ಲ, ಕಳಿಸೋದೂ ಇಲ್ಲ. ಎಲ್ರೂ ಎದ್ದು ಹೋಗಿ,” ಎಂದಳು. ಎದ್ದು ಹೋದರು. ಏನು ಮಾಡುತ್ತಾರೆ ಪಾಪ.

ಯಾಕೆಂದರೆ ಅಷ್ಟು ಹೊತ್ತಿಗೆ ಅವಳು ಕಂಡಿದ್ದಳು. ಅಡುಗೆಮನೆಯ ಹೊರಗಿನ ಬಿದಿರಿನ ಬೆಂಚಿನ ಮೇಲೆ ಒದ್ದೆ ಹೆಜ್ಜೆಗಳು. ಚಿಕ್ಕವು, ಹೆಬ್ಬೆರಳು ಅಗಲಿಸಿದವು. ಕಡುಬೇಸಿಗೆಯಲ್ಲೂ, ಹೊಳೆ ಮೊಣಕಾಲಿಗಿಳಿದಾಗಲೂ ಮಧ್ಯಾಹ್ನದ ಹೊತ್ತಿಗೆ ಆ ಬೆಂಚು ಒದ್ದೆ. ಆಂಬೊ ಮೊದಲು “ಕಪ್ಪೆ ಇರಬೇಕು” ಅಂದ. ಆಮೇಲೆ ಅನ್ನಲಿಲ್ಲ. ಲುಮಿಂಗ್ ಆ ಬೆಂಚನ್ನು ಒರೆಸಲೂ ಇಲ್ಲ, ಯಾರನ್ನೂ ಅದರ ಮೇಲೆ ಕೂರಲು ಬಿಡಲೂ ಇಲ್ಲ.

ಮಗಳು ಹೊಳೆಯಲ್ಲಿ ಒಬ್ಬಳೇ ಆಗುತ್ತಾಳೆ, ಆಟಕ್ಕೆ ಜೊತೆ ಬೇಕಲ್ಲ ಎಂದು ಅವಳು ಜಾಗ ತೆರೆದದ್ದು. ಊರೂರ ಮಕ್ಕಳೆಲ್ಲ ಬಂದು ಎರಡು ದಿನ ಗದ್ದಲವೆಬ್ಬಿಸಲಿ, ಮರಿವಿಕ್ ಬಂಡೆಯ ಮೇಲೆ ಕೂತು ನೋಡಲಿ. ಹೋಗುವಾಗ ಮಾತ್ರ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆದೊಯ್ಯಬೇಕು. ಮಗಳ ಗುಣ ತಾಯಿಗೆ ಗೊತ್ತಿರದೆ ಇರುತ್ತದೆಯೇ? ಜೊತೆಗೆ ಸಿಕ್ಕವರ ಕೈಯನ್ನು ಅವಳು ಬದುಕಿದ್ದಾಗಲೂ ಬಿಟ್ಟವಳಲ್ಲ.

ಹೀಗೆ ವರ್ಷಗಳು ಕಳೆದವು. ಉಯ್ಯಾಲೆಯ ಟಯರು ಬದಲಾಯಿತು, ಲುಮಿಂಗಳ ಕೂದಲು ಬೆಳ್ಳಗಾಯಿತು. ಒದ್ದೆ ಹೆಜ್ಜೆ ಮಾತ್ರ ಬೆಳೆಯಲಿಲ್ಲ.

ಈ ಬೇಸಿಗೆಯಲ್ಲಿ ಮನಿಲಾ ಪಕ್ಕದ ಪಾಸಿಗ್‌ನಿಂದ ಒಂದು ಸಂಸಾರ ಬಂತು. ಹೇಝಲ್, ಅವಳ ಗಂಡ ಜೋಮಾರ್, ಐದು ವರ್ಷದ ಬಾಸ್ತಿ. ಗಂಡಹೆಂಡಿರು ಶನಿವಾರವೆಲ್ಲ ಕಿತ್ತಾಡಿದರು. ಗುಡಾರದ ಕೋಲು ಮರೆತು ಬಂದವರು ಯಾರು ಎಂಬಲ್ಲಿಂದ ಶುರುವಾದದ್ದು ಅತ್ತೆಯ ಸ್ವಭಾವದ ತನಕ ಹೋಯಿತು. ಬಾಸ್ತಿ ಅವರನ್ನು ಬಿಟ್ಟು ಹೊಳೆ ಸೇರಿದ. ಚಪ್ಪಟೆ ಬಂಡೆಯ ಮೇಲೆ ಕೂತು ತನ್ನಷ್ಟಕ್ಕೆ ಮಾತಾಡುತ್ತಿದ್ದ. ಒಂದು ಮಾತಾಡಿ ಸ್ವಲ್ಪ ಸುಮ್ಮನಾಗುವನು, ಆಮೇಲೆ ನಗುವನು. ದೂರದಿಂದ ಕಂಡ ಲುಮಿಂಗ್‌ಗೆ ಸಂತೋಷವಾಯಿತು. ದೇವರಾಣೆಗೂ ಸಂತೋಷವೇ.

ಭಾನುವಾರ ಹೊರಡುವಾಗ ಬಾಸ್ತಿಯ ಒಂದು ಚಪ್ಪಲಿ ಇಲ್ಲ. ಹುಡುಕಿಕೊಂಡು ಬರುತ್ತೇನೆ ಎಂದು ನೆಲಕ್ಕೆ ಬಿದ್ದು ಹಟ ಹಿಡಿದ. ಹೇಝಲ್ ಅವನನ್ನು ದರದರ ಎಳೆದು ತಂದಳು. ಗೇಟಿನ ಬಳಿ ಅವನು ಅವಳ ಕೈ ಕಚ್ಚಿಯೇಬಿಟ್ಟ.

“ಬರಲ್ವಾ?” ಎಂದು ಕಿರುಚಿದಳು ಅವಳು. “ಹಂಗಾದ್ರೆ ಇಲ್ಲೇ ಇರು! ಮನೆಗೆ ಬರಲೇಬೇಡ!”

ಲುಮಿಂಗ್‌ಗೆ ಮೊರೆಯುವ ಹೊಳೆ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಜೋಮಾರ್ ಮಗನನ್ನು ಎತ್ತಿ ಕಾರಿಗೆ ಹಾಕಿದ, ತಾನೇ ಅಗುಳಿ ಸರಿಸಿದ, ಕಾರು ಹೊರಟುಹೋಯಿತು. ಇಷ್ಟು ವರ್ಷ ಗೇಟಿಗೆ ಅಡ್ಡ ನಿಂತವಳು ಅಂದು ಹೆಸರು ಕೂಗಿದ್ರಾ ಎಂದು ಕೇಳಲೇ ಇಲ್ಲ.

ಅದೇ ವಾರದ ನಡುವೆ ಹೇಝಲಳ ಫೋನು ಬಂತು.

“ನಾನಾಯ್, ಬಾಸ್ತಿಗೆ ಜ್ವರ. ಆಸ್ಪತ್ರೇಲಿದೀವಿ. ರಕ್ತ, ಅದು ಇದು, ಎಲ್ಲಾ ನೋಡಿದ್ರು, ಏನೂ ಇಲ್ಲ ಅಂತಾರೆ. ಕಣ್ಣು ಬಿಟ್ಟೇ ಇರ್ತಾನೆ, ನಮ್ಮನ್ನ ನೋಡಲ್ಲ. ಒಂದು ತುತ್ತು ತಿನ್ನಲ್ಲ. ನಮ್ಮಜ್ಜಿ ಕೇಳಿದ್ರು, ಬರುವಾಗ ಹೆಸರು ಕೂಗಿದ್ರೇನೇ ಅಂತ. ನಾವು ಕೂಗ್ಲಿಲ್ಲ ನಾನಾಯ್. ನಾನು ಏನಂದೆ ಅಂತ ನೀವೂ ಕೇಳಿಸ್ಕೊಂಡ್ರಿ.”

“ಕೇಳಿಸ್ಕೊಂಡೆ,” ಎಂದಳು ಲುಮಿಂಗ್.

“ಜ್ವರದಲ್ಲಿ ಕನವರಿಸೋದು ಒಂದೇ ಮಾತು. ಅಕ್ಕ ಒಬ್ಳೇ ಇದಾಳೆ, ನಾನು ಬರಲ್ಲ ಅಂತಾನೆ. ಇವನಿಗೆ ಅಕ್ಕ ಎಲ್ಲಿಂದ ಬಂದ್ಲು? ಇರೋನು ಇವನೊಬ್ಬನೇ.”

ಲುಮಿಂಗ್ ಹೊಳೆಯ ಕಡೆ ತಿರುಗಿದಳು. “ಡಾಕ್ಟರ್ ಹೇಳಿದ್ದು ಬಿಡಬೇಡ ಮಗಳೇ. ಇಲ್ಲಿಂದ ನಾನು ಕರೀತೀನಿ,” ಎಂದು ಫೋನಿಟ್ಟಳು.

ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ಆಂಬೊ ಅಡುಗೆಮನೆಯ ಕಡೆಯಿಂದ ಬಂದ. ಅವನ ಕೈಯಲ್ಲಿ ಬಾಸ್ತಿಯ ಚಪ್ಪಲಿ ಇತ್ತು, ನೀಲಿ ಬಣ್ಣದ್ದು, ಒದ್ದೆ. ಬೆಂಚಿನ ಮೇಲೆ ಸಿಕ್ಕಿತಂತೆ.

“ಹುಡುಗನ್ನ ಮಾತ್ರ ಕರೆದ್ರೆ ಬರೋದಿಲ್ಲ ಕಣೇ,” ಎಂದ.

“ಗೊತ್ತು.”

“ಅವಳನ್ನೂ ಕರೀಬೇಕು.”

“ಗೊತ್ತು ಅಂದ್ನಲ್ಲ!” ಎಂದು ಹರಿಹಾಯ್ದಳು. “ಕರೆದ್ರೆ ಬರ್ತಾಳೆ. ಬಂದ್ರೆ ಉಣ್ತಾಳೆ, ಉಂಡ್ರೆ ಹೋಗ್ತಾಳೆ. ಆಮೇಲೆ ನನಗೇನು ಉಳೀತದೆ ಹೇಳು? ನಿನ್ನ ಮುಖಾನಾ?”

“ಹೂಂ. ನನ್ನ ಮುಖ,” ಎಂದ ಆಂಬೊ. ಚಪ್ಪಲಿಯನ್ನು ಕೆಳಗಿಟ್ಟು, “ನಾನೂ ಅಪ್ಪನೇ ಅಲ್ವೇನೇ ಲುಮಿಂಗ್? ನಂಗೆ ಅವಳನ್ನ ಕಳಿಸಿಕೊಡೋಕೆ ಒಂದು ದಿನಾನೂ ನೀನು ಬಿಡ್ಲಿಲ್ಲ,” ಎಂದ.

ಅವಳು ತಲೆ ಎತ್ತಿ ಗಂಡನನ್ನು ನೋಡಿದಳು. ಅವನೂ ಮುದುಕನಾಗಿದ್ದ. ಅದು ಅವಳಿಗೆ ಅಂದೇ ಕಂಡದ್ದು.

ಮಾರನೆಯ ಬೆಳಗ್ಗೆ ಅವಳು ಅಂಟಕ್ಕಿ ನೆನೆಸಿ, ತೆಂಗಿನಹಾಲು ಹಾಕಿ ಬೇಯಿಸಿ, ಬಾಳೆಯೆಲೆಯಲ್ಲಿ ಕಡುಬು ಕಟ್ಟಿದಳು. ಮರಿವಿಕ್‌ಗೆ ಅದೆಂದರೆ ಪ್ರಾಣ. ಆಂಬೊ ಬೆಂಚಿನ ಮೇಲೆ ತಟ್ಟೆಯಿಟ್ಟು ಮೇಣದಬತ್ತಿ ಹಚ್ಚಿದ. ಲುಮಿಂಗ್ ನೀಲಿ ಚಪ್ಪಲಿ ಹಿಡಿದು ಹೊಳೆಗೆ ಇಳಿದಳು.

ಚಪ್ಪಟೆ ಬಂಡೆಯ ಮೇಲೆ ಅವಳು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಬಿದಿರು ಅಲುಗಲಿಲ್ಲ, ಒಂದು ಹಕ್ಕಿಯೂ ಉಲಿಯಲಿಲ್ಲ. ಬಂಡೆಯ ಒಂದು ಮೂಲೆ ಮಾತ್ರ ಒದ್ದೆಯಾಗಿತ್ತು, ಯಾರೋ ಈಗಷ್ಟೇ ನೀರಿನಿಂದೆದ್ದು ಕೂತ ಹಾಗೆ.

“ಬಾಸ್ತಿ,” ಎಂದು ಕರೆದಳು. “ಬಾಪ್ಪಾ. ಮನೆಗೆ ಹೋಗೋಣ. ಮಮ್ಮಿ ಕಾಯ್ತಿದಾಳೆ. ಹಿಂದೆ ಉಳೀಬೇಡ.”

ನೀರು ಮೊದಲಿನ ಹಾಗೆಯೇ ಹರಿಯುತ್ತಿತ್ತು. ಏನೂ ಆಗಲಿಲ್ಲ. ಲುಮಿಂಗ್ ಬಾಯಿ ತೆರೆದಳು, ಮುಚ್ಚಿದಳು. ಬೇಡ, ತಿರುಗಿ ಹೋಗಿಬಿಡೋಣ ಅನ್ನಿಸಿತು. ಯಾರದೋ ಮಗ, ಪಟ್ಟಣದ ಆಸ್ಪತ್ರೆಯಲ್ಲಿದ್ದಾನೆ, ಡಾಕ್ಟರಿದ್ದಾರೆ. ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಇನ್ನೊಬ್ಬ ತಾಯಿಯ ಹೊಟ್ಟೆಗೆ ಈ ಬೆಂಕಿ ಬೀಳುವುದು ಬೇಡ.

“ಮರಿವಿಕ್,” ಎಂದಳು. “ಮರಿವಿಕ್, ನೀನೂ ಬಾ ಕಂದಾ. ತಮ್ಮನ ಕೈ ಹಿಡ್ಕೊಂಡು ಬಾ. ಕಡುಬು ಮಾಡಿದೀನಿ, ಆರಿಹೋಗ್ತದೆ. ಮನೆಗೆ ಬಾ.”

ಹೀಗೆ ಕರೆದು ತರುವಾಗ ಹಿಂದಕ್ಕೆ ತಿರುಗಬಾರದು. ಅವಳು ಚಪ್ಪಲಿಯನ್ನು ಎದೆಗವಚಿಕೊಂಡು ದಡ ಹತ್ತಿದಳು, ಉಯ್ಯಾಲೆ ದಾಟಿದಳು, ಹೆಜ್ಜೆಗೊಮ್ಮೆ ಎರಡು ಹೆಸರನ್ನೂ ಕೂಗುತ್ತ. ಬೆನ್ನ ಹಿಂದೆ ಒಣಗಿದ ಬಿದಿರೆಲೆ ಚರಚರ ಎನ್ನುತ್ತಿತ್ತು. ಒಮ್ಮೆ ಅವಳ ಲಂಗದ ಅಂಚು ತಟ್ಟನೆ ತಣ್ಣಗಾಯಿತು, ಒದ್ದೆ ಕೈಯೊಂದು ಹಿಡಿದ ಹಾಗೆ. ತಿರುಗಬೇಕು, ಒಂದೇ ಒಂದು ಸಲ ಮುಖ ನೋಡಬೇಕು ಎಂದು ಜೀವ ಹಾತೊರೆಯಿತು. ತಿರುಗಲಿಲ್ಲ ಮಹಾತಾಯಿ. ನೇರ ಗೇಟಿಗೆ ಹೋಗಿ, ಅಗುಳಿ ಸರಿಸಿ, ಚಪ್ಪಲಿಯನ್ನು ಪಾಸಿಗ್ ಕಡೆ ಮುಖ ಮಾಡಿ ಇಟ್ಟಳು. “ನೀನು ಹೋಗಪ್ಪಾ,” ಎಂದಳು. ಆಮೇಲೆ ಗೇಟಿನ ಕಂಬ ತಬ್ಬಿಕೊಂಡು, ಬೆಂಚಿನ ಕಡೆ ನೋಡದೆ, “ನೀನು ಉಣ್ಣು ಮಗಳೇ,” ಎಂದಳು.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಆಂಬೊ ಬಂದು ಭುಜ ಹಿಡಿದ. ಮೇಣದಬತ್ತಿ ಆರಿತ್ತು.

ಮಧ್ಯಾಹ್ನ ಹೇಝಲ್ ಫೋನು ಮಾಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಒಟ್ಟಿಗೆ.

“ಎದ್ದು ಕೂತಿದಾನೆ ನಾನಾಯ್! ಗಂಜಿ ಕುಡಿದ. ನನ್ನ ಚಪ್ಪಲಿ ಎಲ್ಲಿ ಅಂತ ಜಗಳ ಆಡ್ತಿದಾನೆ, ಹಾಳಾದೋನು. ಜ್ವರಾನೂ ಇಳೀತಿದೆ ಅಂದ್ರು ಡಾಕ್ಟರು.”

“ಒಳ್ಳೇದಾಯ್ತು. ಇನ್ಮೇಲೆ ಬಾಯಿ ಬಿಗಿ ಹಿಡಿ,” ಎಂದಳು ಲುಮಿಂಗ್. ಆಮೇಲೆ ಮೆಲ್ಲಗೆ ಕೇಳಿದಳು, “ಅಕ್ಕನ ಸುದ್ದಿ ಏನಾದ್ರೂ ಆಡಿದ್ನಾ?”

“ಆಡ್ದ ಆಡ್ದ. ಅಕ್ಕ ಓಡಿಹೋದ್ಲಂತೆ. ಅವಳು ಬಂಡೆ ಮೇಲೆ ಯಾಕೆ ಕೂತಿದ್ಲು ಗೊತ್ತಾ? ಅವಳ ನಾನಾಯ್ ಮನೆಗೆ ಬರಬೇಡ ಅಂದಿದ್ರಂತೆ, ಕರೆಯೋ ತನಕ ಬರಬಾರ್ದು ಅಂತ ಕೂತಿದ್ಲಂತೆ. ಇವತ್ತು ಕರೆದ್ರಂತೆ. ನಾನಾಯ್ ಸಿಟ್ಟು ಇಳೀತು ಕಣೋ ಅಂತ ಇವನ ಕೈ ಬಿಟ್ಟು ಓಡಿದ್ಲಂತೆ. ಯಾವ ನಾನಾಯೋ ಏನೋ, ಇವನು ನನ್ನ ಮಮ್ಮಿ ಅನ್ನೋದು…”

ಹೇಝಲ್ ಇನ್ನೂ ಮಾತಾಡುತ್ತಿದ್ದಳು. ಲುಮಿಂಗ್ ಫೋನನ್ನು ಆಂಬೊನ ಕೈಗಿಟ್ಟಳು. ಬಿಟ್ಟಿರಲಾರದೆ ಅವಳು ಇಷ್ಟು ವರ್ಷ ಮಗಳನ್ನು ಕರೆಯದೆ ಇದ್ದದ್ದು. ಅಮ್ಮನಿಗೆ ಇನ್ನೂ ಸಿಟ್ಟಿದೆ ಎಂದುಕೊಂಡು ಮಗು ಇಷ್ಟು ವರ್ಷವೂ ಆ ಒದ್ದೆ ಬಂಡೆಯ ಮೇಲೆ ಕಾಯುತ್ತ ಕೂತಿತ್ತು. ಬೆಂಚಿನ ತನಕ ಬಂದು, ಒಳಗೆ ಬರಲು ಹೆದರಿ, ತಿರುಗಿ ಹೋಗುತ್ತಿತ್ತು.

ಅವಳು ಅಡುಗೆಮನೆಯ ಹೊರಗೆ ಬಂದಳು. ಬಾಳೆಯೆಲೆ ಬಿಚ್ಚಿತ್ತು. ಬೆಂಚು ಒಣಗಿತ್ತು.