ಕರಗುವ ಅಕ್ಷರಗಳ ಯಜಮಾನರು

ಅವರನ್ನು ನಾನು ಮೊದಲು ಕಂಡದ್ದು ಮನೆಗೊಂದು ಹೆಸರುಫಲಕ ಮಾಡಿಸಲು ಹೋದ ದಿನ. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ ನಿವೃತ್ತರಾಗಿದ್ದ ಆ ಯಜಮಾನರು ನನ್ನ ಹೆಸರನ್ನು ಸೊಗಸಾಗಿ ಸಾಬೂನಿನಲ್ಲಿ ಕೆತ್ತಿಕೊಟ್ಟರು. ಮೊದಲ ಮಳೆಗೇ ಅದು ನೊರೆನೊರೆಯಾಗಿ ಮೆಟ್ಟಿಲಿಳಿದು ಹೋಯಿತು. ದೂರಲು ಹೋದರೆ, "ಸೀಸದ ಅಕ್ಷರ ಬೇಜಾರು ಮೇಷ್ಟ್ರೇ, ಇಟ್ಟ ಕಡೆ ಕೂತಿರುತ್ತೆ. ಇದು ನೋಡಿ, ಓಡಾಡುತ್ತೆ!" ಎಂದು ನಕ್ಕರು. ಮೇಣ, ಉಪ್ಪು, ತುಕ್ಕು ಹಿಡಿಯುವ ತಂತಿ, ಯಾವುದು ಸಿಕ್ಕರೂ ಅವರ ಕೈಯಲ್ಲಿ ಅಕ್ಷರವಾಗುತ್ತಿತ್ತು. ಅವರ ಮನೆಯ ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿರಲಿಲ್ಲ, ವರ್ಣಮಾಲೆಗಿತ್ತು. ಇದು ಅರಳುಮರಳೆಂದೇ ನಾನು ತೀರ್ಮಾನಿಸಿದ್ದೆ, ಅವರ ಹೆಂಡತಿ ಮಂಜುಗಡ್ಡೆಯ ಅಕ್ಷರಗಳ ಮೇಲೆ ಬೆರಳಾಡಿಸುವುದನ್ನು ನೋಡುವ ತನಕ. ಆಕೆ ಅದೇ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಗಂಡನ ತಪ್ಪುಗಳನ್ನೆಲ್ಲ ಹಿಡಿದ ಆ ಕಣ್ಣುಗಳ ಬೆಳಕು ಪೂರ್ತಿ ಆರಿದಾಗ "ಇನ್ನು ಓದೋದು ಮುಗೀತು" ಎಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದರಂತೆ. ಮರದ ಅಕ್ಷರ ಕೊಟ್ಟರೆ "ನಾಳೆ ನೋಡೋಣ" ಎಂದು ಪಕ್ಕಕ್ಕಿಡುತ್ತಿದ್ದರು. ಕರಗುವುದನ್ನು ಮಾತ್ರ ಆಗಲೇ ಓದಬೇಕಲ್ಲ! ಈಗೀಗ ಯಜಮಾನರು ಒದ್ದೆ ಬಟ್ಟೆಯ ಮೇಲೆ ಸಾಸಿವೆ ಬಿತ್ತಿ ವಾಕ್ಯ ಬೆಳೆಸುತ್ತಾರೆ. ನಿನ್ನೆ ಹೋದಾಗ ಆಕೆ ಹಸಿರು ಸಾಲನ್ನು ಕೊನೆಯವರೆಗೂ ತಡವಿ, "ರೀ, ಕೊನೇ ಪದಾನೇ ನುಂಗಿಬಿಟ್ಟಿದ್ದೀರಲ್ಲ!" ಎಂದು ಗದರಿದರು. "ಅದಿನ್ನೂ ಮೊಳೆತಿಲ್ಲ ಕಣೇ. ನಾಳೆ ಬಂದು ನೋಡು." "ಬರ್ತೀನಿ, ಬಿಡ್ತೀನಾ?" ಎಂದರು ಆಕೆ.